ಹತ್ತಡಿ ಕೋಣೆಯಲ್ಲಿ ಡಂಬೆಲ್ಲು, ಬಾರ್ಬೆಲ್ಲು: ಹನ್ನೊಂದು ತಿಂಗಳ ಕೆಲಸದ ಲೆಕ್ಕ

ಬಾರ್ಬೆಲ್ ಇಡುವ ಸ್ಟ್ಯಾಂಡಿನ ಕೊನೆಯ ಬೋಲ್ಟು ಬಿಗಿದಾಯಿತು. ಜನವರಿಯಲ್ಲಿ ಕೈ ಹಾಕಿದ ಕೆಲಸ ಇದು. ಮನೆಯಲ್ಲೇ ತೂಕ ಎತ್ತಬೇಕು ಅಂತ ತೀರ್ಮಾನಿಸಿದ ಮೇಲೆ ಒಂದೊಂದು ಕೈಯಲ್ಲಿ ಹಿಡಿಯುವ ಡಂಬೆಲ್ ತರಲೋ, ಎರಡೂ ಕೈಯಲ್ಲಿ ಎತ್ತುವ ಉದ್ದ ರಾಡಿನ ಬಾರ್ಬೆಲ್ ತರಲೋ ಅನ್ನುವ ಪ್ರಶ್ನೆಗೆ ಹನ್ನೊಂದು ತಿಂಗಳೂ 22,256 ರೂಪಾಯಿಯೂ ಹೋದವು. ಅದರಲ್ಲಿ 5,350 ರೂಪಾಯಿ ನನ್ನ ತಪ್ಪುಗಳ ಬಾಬ್ತು. ತಪ್ಪುಗಳನ್ನೇ ಹೆಚ್ಚು ಬಿಡಿಸಿ ಬರೆದಿದ್ದೇನೆ, ಬೇರೆಯವರ ದುಡ್ಡಾದರೂ ಉಳಿಯಲಿ.

ಮನೆ ಮೈಸೂರಿನದು. ಬಾಡಿಗೆ ಮನೆ, ಮೊದಲ ಮಹಡಿ. ಕೆಳಗೆ ವಯಸ್ಸಾದ ಮಾಲೀಕ ದಂಪತಿ. ಕೋಣೆ 10 ಅಡಿಗೆ ಒಂಬತ್ತೂವರೆ ಅಡಿ, ಅದರಲ್ಲೇ 20 ಇಂಚು ಆಳದ ಬೀರು. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ನನಗೆ 42 ವರ್ಷ, ಎತ್ತರ 5 ಅಡಿ 2 ಇಂಚು, ತೂಕ 58 ಕೆ.ಜಿ. ನೀರಿನ ಕ್ಯಾನ್ ಎತ್ತಿ ಡಿಸ್ಪೆನ್ಸರ್ ಮೇಲೆ ಕೂರಿಸುವಾಗ ಸೊಂಟ ಹಿಡಿದುಕೊಂಡಿದ್ದೇ ಇದಕ್ಕೆಲ್ಲ ಶುರು.

ಅಪ್ಪ ಹುಡುಗನಾಗಿದ್ದಾಗ ಗರಡಿಯಲ್ಲಿ ಸಾಮು ಮಾಡಿದವರು. ನಾನು ಆ ಗರಡಿಯ ಬಾಗಿಲವರೆಗೆ ಹೋಗಿದ್ದೆ, ಒಳಗೆ ಅಲ್ಲ. ಹೆಣ್ಣುಮಕ್ಕಳು ಆಗ ಮಟ್ಟಿ (ಕುಸ್ತಿಯ ಮಣ್ಣಿನ ಅಂಕಣ) ತುಳಿಯುತ್ತಿರಲಿಲ್ಲ. 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕುಂದಾಪುರದ ಗುರುರಾಜ ವೇಟ್‌ಲಿಫ್ಟಿಂಗ್‌ನ 56 ಕೆ.ಜಿ. ವಿಭಾಗದಲ್ಲಿ ಎರಡು ಬಗೆಯ ಎತ್ತು ಸೇರಿ ಒಟ್ಟು 249 ಕೆ.ಜಿ. ಎತ್ತಿ ಬೆಳ್ಳಿ ತಂದಾಗ ನಾವಿಬ್ಬರೂ ಟಿವಿ ಮುಂದೆ ಕೂತಿದ್ದೆವು. ಹೆಚ್ಚುಕಮ್ಮಿ ನನ್ನಷ್ಟೇ ತೂಕದ ಹುಡುಗ 138 ಕೆ.ಜಿ.ಯನ್ನು ತಲೆಯ ಮೇಲೆ ಹಿಡಿದು ನಿಂತಿದ್ದ. ಬಾರ್ಬೆಲ್ ಮೇಲೆ ಆಸೆ ಹುಟ್ಟಿದ್ದು ಅವತ್ತು. ಆದರೂ ಮೊದಲು ತಂದದ್ದು ಡಂಬೆಲ್. ಚಿಕ್ಕದು, ಅಗ್ಗ, ಮಂಚದ ಕೆಳಗೆ ಸರಿಸಬಹುದು ಅಂತ.

ಹಂತ 1. ಜನವರಿ 15, 2024. ಪಿವಿಸಿ ಸೆಟ್

ಸಂಕ್ರಾಂತಿಯ ದಿನ ಪಾರ್ಸೆಲ್ ಬಂತು. 20 ಕೆ.ಜಿ. ಸೆಟ್, 1,350 ರೂ. 14 ಇಂಚಿನ ಎರಡು ರಾಡು, 3 ಕೆ.ಜಿ.ಯ ನಾಲ್ಕು ಪ್ಲೇಟು (ರಾಡಿನ ತುದಿಗೆ ತೂರಿಸುವ ತೂಕದ ಬಿಲ್ಲೆ), 2 ಕೆ.ಜಿ.ಯ ನಾಲ್ಕು ಪ್ಲೇಟು. ಮೇಲೆ ಪ್ಲಾಸ್ಟಿಕ್, ಒಳಗೆ ಸಿಮೆಂಟು. ಜೊತೆಗೆ 900 ರೂಪಾಯಿಯ ಫೋಮ್ ಮ್ಯಾಟು, ಮಕ್ಕಳ ಕೋಣೆಗೆ ಹಾಸುತ್ತಾರಲ್ಲ, ಒಂದಕ್ಕೊಂದು ಸಿಕ್ಕಿಸುವಂಥದ್ದು.

ಕೊಳ್ಳುವ ಮೊದಲು ಒಂದು ಹಾಳೆ ತಗೊಂಡು ಲೆಕ್ಕ ಹಾಕಬೇಕಿತ್ತು, ಹಾಕಲಿಲ್ಲ. ರಾಡು 1.2 ಕೆ.ಜಿ. ಎರಡೂ ಕೈಗೆ ಸಮನಾಗಿ ಹಂಚಿದರೆ ಒಂದು ಡಂಬೆಲ್ಲಿನ ತೂಕ 5.2, ಇಲ್ಲವೇ 7.2, ಇಲ್ಲವೇ 11.2. ಇಷ್ಟೇ, ನಡುವೆ ಮೆಟ್ಟಿಲೇ ಇಲ್ಲ. 5.2ರಿಂದ 7.2ಕ್ಕೆ ಹೋಗುವುದೆಂದರೆ ಭಾರ ಒಮ್ಮೆಗೇ ಶೇ. 38 ಹೆಚ್ಚು. ಅಲ್ಲಿಂದ 11.2ಕ್ಕೆ ಶೇ. 56. ತಲೆಯ ಮೇಲೆ ಎತ್ತುವ ಪ್ರೆಸ್‌ನಲ್ಲಿ 5.2 ಕೆ.ಜಿ.ಯನ್ನು ಹನ್ನೆರಡು ಸಲ ಸಲೀಸಾಗಿ ಎತ್ತುತ್ತಿದ್ದೆ. 7.2ಕ್ಕೆ ಏಳು ಸಲ. 11.2 ಹೆಗಲಿನಿಂದ ಮೇಲೇಳಲೇ ಇಲ್ಲ.

ನಡುವಿನ ತೂಕ ಮಾಡಿಕೊಳ್ಳೋಣ ಅಂತ ಫೆಬ್ರುವರಿಯಲ್ಲಿ ಒಂದು ತುದಿಗೆ 3, ಇನ್ನೊಂದಕ್ಕೆ 2 ಹಾಕಿ 6.2 ಮಾಡಿದೆ. ಮೇಲೆತ್ತಿದ ಕೂಡಲೇ ರಾಡು ಭಾರದ ಕಡೆಗೆ ವಾಲಿತು, ಎಡ ಮಣಿಕಟ್ಟು ತಿರುಚಿತು. ಹದಿನೈದು ದಿನ ಚಪಾತಿ ಲಟ್ಟಿಸಲಾಗಲಿಲ್ಲ. ಡಂಬೆಲ್ಲಿಗೆ ಎರಡು ತುದಿಯಲ್ಲೂ ಸಮ ತೂಕವೇ ಬೇಕು, ಅದರಲ್ಲಿ ರಾಜಿ ಇಲ್ಲ.

ಅಪ್ಪನಿಗೆ ಹೇಳಿದಾಗ ಅವರು, "ಗರಡೀಲಿ ಕಲ್ಲುಗುಂಡು ಒಂದೇ ಇರ್ತಿತ್ತು. ಭಾರ ಯಾರು ಹೆಚ್ಚಿಸ್ತಿದ್ರು? ಎಣಿಕೆ ಹೆಚ್ಚಿಸ್ತಿದ್ವಿ" ಅಂದರು. ಅದನ್ನೇ ಹಿಡಿದೆ. 7.2ರಲ್ಲೇ ಏಳು, ಎಂಟು, ಒಂಬತ್ತು ಅಂತ ವಾರಕ್ಕೊಂದು ಸೇರಿಸುತ್ತಾ ಏಪ್ರಿಲ್ ಹೊತ್ತಿಗೆ ಹದಿನಾಲ್ಕಕ್ಕೆ ಮುಟ್ಟಿದೆ. ಆದರೂ 11.2 ಕೆ.ಜಿ. ಎರಡೇ ಸಲ ಎದ್ದದ್ದು. ಎಣಿಕೆಯಿಂದ ದಾಟಲಾಗದಷ್ಟು ದೊಡ್ಡ ಕಂದಕ ಅದು.

ಹಂತ 2. ಮಾರ್ಚ್ 10. ಟೈಲ್ಸ್ ಒಡೆದದ್ದು

ಭಾನುವಾರ ಬೆಳಿಗ್ಗೆ ಆರೂವರೆ. ಮಂಡಿಯ ಎತ್ತರದಿಂದ ಡಂಬೆಲ್ ಕೈ ಜಾರಿತು. ಫೋಮ್ ಮ್ಯಾಟು 10 ಮಿ.ಮೀ. ದಪ್ಪ, ಅದು ತಡೆಯಲಿಲ್ಲ. ಪ್ಲೇಟಿನ ಅಂಚು ಸೀಳಿ ಬೂದಿಬಣ್ಣದ ಪುಡಿ ಚೆಲ್ಲಿತು. ಮ್ಯಾಟು ಎತ್ತಿ ನೋಡಿದರೆ ಟೈಲ್ಸಿನ ಮೂಲೆಯಿಂದ ಮೂಲೆಗೆ ಕೂದಲೆಳೆಯಂಥ ಗೆರೆ. ಕೆಳಗಿನಿಂದ ಮಾಲೀಕರು ಬಂದು ಬಾಗಿಲಲ್ಲಿ ನಿಂತರು. ಬೈಯಲಿಲ್ಲ, "ಏನಾದ್ರೂ ಬಿತ್ತೇನಮ್ಮ, ನಿಮಗೆ ಪೆಟ್ಟಾಯ್ತಾ?" ಅಂತ ಕೇಳಿದರು. ಬೈದಿದ್ದರೇ ವಾಸಿಯಿತ್ತು. ಟೈಲ್ಸು, ಗಾರೆಯವರ ಕೂಲಿ ಸೇರಿ 1,800 ರೂ.

ನೆಲಕ್ಕೆ ಪರಿಹಾರ ಸಿಕ್ಕಿದ್ದು ಹುಣಸೂರಿನ ಕಡೆಯ ಒಂದು ಪಶು ಆಹಾರದ ಅಂಗಡಿಯಲ್ಲಿ. ಕೊಟ್ಟಿಗೆಯಲ್ಲಿ ಹಸುಗಳ ಕಾಲಡಿ ಹಾಸುವ ರಬ್ಬರ್ ಮ್ಯಾಟು. ಆರೂವರೆ ಅಡಿಗೆ ನಾಲ್ಕು ಅಡಿ, 18 ಮಿ.ಮೀ. ದಪ್ಪ, ಒಂದಕ್ಕೆ 2,300 ರೂ. ಎರಡು ತಂದೆ. ಒಂದೊಂದೂ ಹತ್ತಿರ ಹತ್ತಿರ 40 ಕೆ.ಜಿ., ಸುರುಳಿ ಸುತ್ತಿ ಮೆಟ್ಟಿಲು ಹತ್ತಿಸಲು ಇಬ್ಬರು ಬೇಕಾದರು. ನಾಲ್ಕು ನೂರು ಕೆ.ಜಿ. ಹಸುವಿನ ಗೊರಸು ತಡೆಯುವ ಮ್ಯಾಟಿಗೆ ನನ್ನ ಡಂಬೆಲ್ ಲೆಕ್ಕವೇ ಅಲ್ಲ. ವಾಸನೆ ಮಾತ್ರ ಜೋರು. ಸೀಗೆಪುಡಿ ಹಾಕಿ ಉಜ್ಜಿ, ಎರಡು ವಾರ ತಾರಸಿಯ ಬಿಸಿಲಿಗೆ ಹಾಕಿದ ಮೇಲೆ ಒಳಗೆ ತರುವಂತಾಯಿತು.

ಬಾಗಿಲು ತೆಗೆಯಲು ಅಡ್ಡ ಬಂದದ್ದರಿಂದ ಒಂದು ಮ್ಯಾಟಿನ ತುದಿಯಲ್ಲಿ 12 ಇಂಚಿನ ಪಟ್ಟಿ ಕತ್ತರಿಸಿದೆ. ಒಣ ಬ್ಲೇಡು ರಬ್ಬರಿನಲ್ಲಿ ಕಚ್ಚಿಕೊಳ್ಳುತ್ತದೆ. ಸೋಪಿನ ನೀರಿನಲ್ಲಿ ಅದ್ದಿ, ಕಬ್ಬಿಣದ ಸ್ಕೇಲ್ ಒತ್ತಿ ಹಿಡಿದು, ಏಳೆಂಟು ಸಲ ಅದೇ ಗೆರೆಯಲ್ಲಿ ಎಳೆದರೆ ನೀಟಾಗಿ ಬರುತ್ತದೆ. ಆ ಪಟ್ಟಿಯನ್ನು ಎಸೆಯಲಿಲ್ಲ. ಅದರ ಕತೆ ಮುಂದೆ ಬರುತ್ತದೆ.

ಹಂತ 3. ಏಪ್ರಿಲ್. ಗುಜರಿಯ ಕಬ್ಬಿಣ

ಮುಚ್ಚಿಹೋದ ಯಾವುದೋ ಜಿಮ್ಮಿನ ಪ್ಲೇಟುಗಳು ಗುಜರಿ ಅಂಗಡಿಯಲ್ಲಿ ಬಿದ್ದಿದ್ದವು. ಕೆ.ಜಿ.ಗೆ 85 ರೂ. 10 ಕೆ.ಜಿ.ಯದ್ದು ಎರಡು, 5ರದ್ದು ನಾಲ್ಕು, 2.5ರದ್ದು ನಾಲ್ಕು, 1.25ರದ್ದು ಎರಡು. ತೂಗಿದಾಗ 51.8 ಕೆ.ಜಿ. ಬಂತು, 4,400 ಕೊಟ್ಟೆ. ತಂತಿ ಬ್ರಷ್‌ನಲ್ಲಿ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಒಂದು ಕೈ, ಕಪ್ಪು ಎನಾಮೆಲ್ ಎರಡು ಕೈ: 420 ರೂ. ಕಬ್ಬಿಣದ ಎರಡು ಹೊಸ ಡಂಬೆಲ್ ರಾಡು, ನಟ್ ಸಮೇತ 900 ರೂ. ರಾಡಿನ ದಪ್ಪ 25 ಮಿ.ಮೀ. ಈ 25 ಅನ್ನುವ ಸಂಖ್ಯೆಯನ್ನು ಬರೆದಿಟ್ಟುಕೊಂಡದ್ದು ಇಡೀ ವರ್ಷದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ, ಬಾರ್ಬೆಲ್ ತರುವಾಗ ಅದೇ ಕೈ ಹಿಡಿಯಿತು.

ಪ್ಲೇಟಿನ ಮೇಲೆ ಕೆತ್ತಿದ ತೂಕವನ್ನು ನಂಬಬೇಡಿ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿಸಿದೆ. 10 ಅಂತ ಬರೆದ ಎರಡರಲ್ಲಿ ಒಂದು 9.7, ಇನ್ನೊಂದು 10.2. 5ರದ್ದು 4.8, 4.9, 5.1, 5.1. ಬಿಳಿ ಪೇಂಟಿನಲ್ಲಿ ನಿಜ ತೂಕ ಬರೆದು ಜೋಡಿ ಮಾಡಿದೆ: ಹಗುರ ಹತ್ತರ ಜೊತೆ ಭಾರದ ಐದು, ಭಾರದ ಹತ್ತರ ಜೊತೆ ಹಗುರ ಐದು. ಅರ್ಧ ಕೆ.ಜಿ. ವ್ಯತ್ಯಾಸ 200 ಗ್ರಾಮಿಗೆ ಇಳಿಯಿತು.

ಇಲ್ಲೊಂದು ತಪ್ಪು. 1.25ರ ಪ್ಲೇಟು ಇನ್ನೂ ಎರಡಿದ್ದವು, ಚಿಕ್ಕವು ಏಕೆ ಅಂತ ಬಿಟ್ಟು ಬಂದೆ. ವಾರ ಬಿಟ್ಟು ಹೋದಾಗ ಇರಲಿಲ್ಲ.

ಹಂತ 4. ಮೇಯಿಂದ ಜುಲೈ. ಡಂಬೆಲ್ ಎಲ್ಲಿವರೆಗೆ

ಮೂರು ತಿಂಗಳು ಡಂಬೆಲ್ ಒಂದರಲ್ಲೇ ಮಾಡಿದೆ. ನೆಲದ ಮೇಲೆ ಮಲಗಿ ಎದೆಯಿಂದ ಮೇಲೆ ತಳ್ಳುವ ಫ್ಲೋರ್ ಪ್ರೆಸ್, ಬಗ್ಗಿ ಒಂದೇ ಕೈಯಲ್ಲಿ ಎಳೆಯುವ ರೋ, ಒಂದು ಕಾಲು ಹಿಂದಿಟ್ಟು ಇಳಿಯುವ ಲಂಜು, ಇವಕ್ಕೆ ಡಂಬೆಲ್‌ಗಿಂತ ಒಳ್ಳೆಯದು ಇಲ್ಲ. ಕೈ ಸೋತರೆ ಪಕ್ಕಕ್ಕೆ ಇಳಿಸಿದರಾಯಿತು, ಮೇಲೆ ಬಂದು ಕೂರುವುದಿಲ್ಲ. ಒಂಟಿಯಾಗಿ ಮಾಡುವವರಿಗೆ ಇದು ದೊಡ್ಡ ಮಾತು.

ಸಿಕ್ಕಿಕೊಂಡದ್ದು ಕಾಲು ಮತ್ತು ಬೆನ್ನಿನಲ್ಲಿ. ನಾಲ್ಕು ಐದರ ಪ್ಲೇಟು ಹಾಕಿ 21.3 ಕೆ.ಜಿ.ಯ ಒಂದು ಡಂಬೆಲ್ ಎದೆಗೆ ಅಪ್ಪಿಕೊಂಡು ಬಸ್ಕಿ ಹೊಡೆಯುತ್ತಿದ್ದೆ. ಹದಿನೈದನೆಯದರ ಹೊತ್ತಿಗೆ ತೋಳು ನಡುಗುತ್ತಿತ್ತು, ತೊಡೆಗೆ ಏನೂ ಆಗಿರುತ್ತಿರಲಿಲ್ಲ. 10ರ ಪ್ಲೇಟು ಡಂಬೆಲ್ಲಿಗೆ ಹಾಕಿದರೆ ಅದರ 28 ಸೆಂ.ಮೀ. ಅಗಲ ಮುಂಗೈಗೆ ತಾಗುತ್ತದೆ. ಹಾಗಾಗಿ 20 ಕೆ.ಜಿ. ಕಬ್ಬಿಣ ಮೂಲೆಯಲ್ಲಿ ಸುಮ್ಮನೆ ಕೂತಿತ್ತು.

ಇನ್ನೊಂದು, ನಟ್ಟಿನ ವಿಷಯ. ಜೂನ್ ಕೊನೆಯ ವಾರ ಫ್ಲೋರ್ ಪ್ರೆಸ್ ಮಾಡುತ್ತಿದ್ದೆ, ಎಂಟನೆಯದು. ಬಲಗೈಯಲ್ಲಿ ಕಿರ್ ಅಂತ ಸದ್ದು. ಕತ್ತು ತಿರುಗಿಸುವಷ್ಟರಲ್ಲಿ ಎರಡೂವರೆ ಕೆ.ಜಿ. ಪ್ಲೇಟು ಕಿವಿಯ ಪಕ್ಕ ಬಿದ್ದು ಮ್ಯಾಟಿನ ಮೇಲೆ ಉರುಳಿಕೊಂಡು ಬೀರುವಿನ ಕಾಲಿಗೆ ತಾಗಿ ನಿಂತಿತು. ನಟ್ಟು ನನ್ನ ಕೂದಲಲ್ಲಿತ್ತು. ಸ್ವಲ್ಪ ಹೊತ್ತು ಏಳಲಾಗಲಿಲ್ಲ. ಹೊಸ ಪೇಂಟು ಎಳೆಗಳಲ್ಲಿ ಹೊಕ್ಕು ನಟ್ಟು ಪೂರ್ತಿ ಕೂತಿರಲಿಲ್ಲ, ಕೈಗೆ ಬಿಗಿ ಅನ್ನಿಸಿದ್ದು ಸುಳ್ಳು ಬಿಗಿ. ಎಳೆಗಳಲ್ಲಿದ್ದ ಪೇಂಟು ಕೆರೆದೆ, ಹಳೆಯ ಸೈಕಲ್ ಟ್ಯೂಬನ್ನು ಉಂಗುರವಾಗಿ ಕತ್ತರಿಸಿ ಪ್ಲೇಟಿಗೂ ನಟ್ಟಿಗೂ ನಡುವೆ ಹಾಕಿದೆ. ಅಂದಿನಿಂದ ಪ್ರತಿ ಸುತ್ತಿಗೂ ಮೊದಲು ನಾಲ್ಕೂ ನಟ್ಟು ಮುಟ್ಟಿ ನೋಡುತ್ತೇನೆ.

ಹಂತ 5. ಆಗಸ್ಟ್. ರಾಡು ಆರಿಸಿದ್ದು, ತಪ್ಪಾಗಿ

ಟಿವಿಯಲ್ಲಿ ಕಾಣುವ ಗಂಡಸರ ಬಾರ್ 2.2 ಮೀಟರ್ ಉದ್ದ, ಬರೀ ರಾಡೇ 20 ಕೆ.ಜಿ. ಹೆಂಗಸರದ್ದು 2.01 ಮೀಟರ್, 15 ಕೆ.ಜಿ. ಎರಡರಲ್ಲೂ ಪ್ಲೇಟು ಕೂರುವ ತುದಿ 50 ಮಿ.ಮೀ. ದಪ್ಪ. ನನ್ನ ಪ್ಲೇಟಿನ ತೂತಿಗೆ ಹೋಗುವುದಿಲ್ಲ. ಹೋದರೂ, ಬೀರು ಬಿಟ್ಟು ಉಳಿದ 100 ಇಂಚಿನಲ್ಲಿ ಗಂಡಸರ ಬಾರ್ ಇಟ್ಟರೆ ಆಚೀಚೆ ಏಳೇಳು ಇಂಚೂ ಉಳಿಯದು. ಪ್ಲೇಟು ತೂರಿಸಲು ಕೈಗೆ ಜಾಗ ಬೇಡವೇ? ಆದ್ದರಿಂದ 25 ಮಿ.ಮೀ. ರಾಡೇ ಅಂತ ನಿಶ್ಚಯ. ಅಂಗಡಿಯಲ್ಲಿ 5 ಅಡಿ, 6 ಅಡಿ ಎರಡೂ ಇದ್ದವು. ಕೋಣೆ ಚಿಕ್ಕದು ಅಂತ 5 ಅಡಿಯದ್ದು ತಂದೆ, 1,100 ರೂ.

ಅದೇ ವಾರ ವೆಲ್ಡಿಂಗ್ ಅಂಗಡಿಗೆ ಹೋಗಿ ಮೊಬೈಲಿನಲ್ಲಿದ್ದ ಚಿತ್ರ ತೋರಿಸಿ ಸ್ಟ್ಯಾಂಡು ಮಾಡಿಸಿದೆ. 50 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಎಂ.ಎಸ್. (ಮೈಲ್ಡ್ ಸ್ಟೀಲ್) ಪೈಪು, ಒಟ್ಟು 30 ಕೆ.ಜಿ., ಕೆ.ಜಿ.ಗೆ 75ರಂತೆ 2,250, ಕೂಲಿ 1,800. ಅಗಲ 44 ಇಂಚು.

ಮನೆಗೆ ತಂದು ರಾಡು ಇಟ್ಟೆ. ಪ್ಲೇಟು ಒಳಕ್ಕೆ ಸರಿಯದಂತೆ ರಾಡಿನ ಮೇಲಿರುವ ಎರಡು ಬಳೆಗಳ ನಡುವಿನ ಅಂತರ 38 ಇಂಚು. ಅಂದರೆ ಪ್ಲೇಟು ಕೂರಬೇಕಾದ ಜಾಗವೇ ಸ್ಟ್ಯಾಂಡಿನ ಕೊಕ್ಕೆಯ ಮೇಲೆ ಕೂತಿತ್ತು. ತಪ್ಪು ವೆಲ್ಡರ್‌ದಲ್ಲ, ಅಳತೆ ಕೊಟ್ಟವಳು ನಾನು. ಸ್ಟ್ಯಾಂಡನ್ನು 34 ಇಂಚಿಗೆ ಕತ್ತರಿಸಬಹುದಿತ್ತು, ಆದರೆ ಕಂಬಕ್ಕೂ ರಾಡಿಗೂ ನಡುವೆ ಬೆರಳು ಸಿಕ್ಕಿಕೊಳ್ಳುತ್ತದೆ. ಕೊನೆಗೆ ರಾಡನ್ನೇ ಬದಲಿಸಿದೆ. ಅಂಗಡಿಯವರು 700ಕ್ಕೆ ವಾಪಸ್ ತಗೊಂಡರು, 6 ಅಡಿಯದ್ದಕ್ಕೆ 1,450 ಕೊಟ್ಟೆ. ಅದರ ಬಳೆಗಳ ಅಂತರ 51 ಇಂಚು, ತೂಕ 7.6 ಕೆ.ಜಿ., ಆಚೀಚೆ 14 ಇಂಚು ಜಾಗ ಉಳಿಯಿತು. ಸ್ಟ್ಯಾಂಡು ಮಾಡಿಸುವವರು ರಾಡನ್ನು ಹೆಗಲ ಮೇಲೆ ಹೊತ್ತುಕೊಂಡೇ ವೆಲ್ಡಿಂಗ್ ಅಂಗಡಿಗೆ ಹೋಗಿ.

ಎತ್ತರದಲ್ಲೂ ಎಡವಿದ್ದೆ. ಕೊಕ್ಕೆ 52 ಇಂಚಿನಲ್ಲಿತ್ತು, ರಾಡು ಹೊರತೆಗೆಯಲು ತುದಿಗಾಲಲ್ಲಿ ನಿಲ್ಲಬೇಕಾಗಿತ್ತು. ಸ್ಟ್ಯಾಂಡಿನ ಪಾದ 18 ಇಂಚು, ರಾಡನ್ನು ಸ್ವಲ್ಪ ಜೋರಾಗಿ ವಾಪಸ್ ಇಟ್ಟರೆ ಇಡೀ ಸ್ಟ್ಯಾಂಡು ಹಿಂದಕ್ಕೆ ವಾಲುತ್ತಿತ್ತು. ಅಪ್ಪ ಟೇಪಿನ ಒಂದು ತುದಿ ಹಿಡಿದು ನನ್ನನ್ನು ಗೋಡೆಗೆ ನಿಲ್ಲಿಸಿ ಕಂಕುಳಿನ ಮಟ್ಟ ಅಳೆದರು: 47 ಇಂಚು. ಕೊಕ್ಕೆ ಅಲ್ಲಿಗೆ ಇಳಿಯಿತು, ಪಾದ 30 ಇಂಚಿಗೆ ಬೆಳೆಯಿತು, 900 ರೂ.

ಹಂತ 6. ಸೆಪ್ಟೆಂಬರ್ 22. ರಾಡಿನ ಕೆಳಗೆ

ಸೋತರೆ ರಾಡನ್ನು ತಡೆಯುವ ಎರಡು ಚಾಚುಗಳನ್ನು ಸ್ಟ್ಯಾಂಡಿಗೆ ಹಾಕಿಸಿರಲಿಲ್ಲ. 750 ರೂಪಾಯಿ ಉಳಿಸಲು. ಆ ಭಾನುವಾರ 37.4 ಕೆ.ಜಿ. ಹೆಗಲ ಮೇಲಿಟ್ಟು ಐದನೆಯ ಸ್ಕ್ವಾಟ್‌ಗೆ (ಬಸ್ಕಿಗೆ) ಇಳಿದವಳು ಮೇಲೇಳಲಾಗಲಿಲ್ಲ. ಕೈ ಬಿಟ್ಟು ಮುಂದಕ್ಕೆ ಜಾರಿದೆ, ರಾಡು ಬೆನ್ನ ಮೇಲಿಂದ ಉರುಳಿ ಹಿಂದೆ ಬಿತ್ತು. ಹಿಮ್ಮಡಿಗೂ ಪ್ಲೇಟಿಗೂ ನಾಲ್ಕು ಬೆರಳಿನ ಅಂತರ. ಮ್ಯಾಟು ನೆಲವನ್ನು ಉಳಿಸಿತು.

ಅವತ್ತು ಒಂದು ವಿಷಯ ಸರಿಯಾಗಿ ಅರ್ಥವಾಯಿತು. ಸ್ಪರ್ಧೆಯ ದೊಡ್ಡ ಪ್ಲೇಟಿನ ಅಡ್ಡಳತೆ 45 ಸೆಂ.ಮೀ., ನೆಲಕ್ಕೆ ಬಿದ್ದರೂ ರಾಡು ಇಪ್ಪತ್ತೆರಡೂವರೆ ಸೆಂ.ಮೀ. ಮೇಲೆ ನಿಲ್ಲುತ್ತದೆ. ನನ್ನ 28 ಸೆಂ.ಮೀ. ಪ್ಲೇಟಿನಲ್ಲಿ ರಾಡು ನಿಲ್ಲುವುದು 14 ಸೆಂ.ಮೀ.ಗೆ. ಕೆಳಗೆ ಮಲಗಿದ್ದರೆ ನನ್ನ ಎದೆಗೂ ಕುತ್ತಿಗೆಗೂ ಅಷ್ಟು ಜಾಗ ಸಾಲದು. ಒಂಟಿಯಾಗಿರುವಾಗ ಬಾರ್ಬೆಲ್ ಹಿಡಿದು ಮಲಗುವ ಯಾವ ವ್ಯಾಯಾಮವನ್ನೂ ನಾನು ಮಾಡುವುದಿಲ್ಲ. ಎದೆಗೆ ಡಂಬೆಲ್ಲೇ. ಮಾರನೆಯ ದಿನವೇ ಚಾಚುಗಳನ್ನು ಬೋಲ್ಟ್ ಹಾಕಿ ಕೂರಿಸುವಂತೆ ಮಾಡಿಸಲು ಕೊಟ್ಟೆ.

ಹಂತ 7. ಅಕ್ಟೋಬರ್. ಮ್ಯಾಟಿನ ಪಟ್ಟಿ

ಚಿಕ್ಕ ಪ್ಲೇಟಿನ ತೊಂದರೆ ನೆಲದಿಂದ ರಾಡು ಎತ್ತಿ ನಿಲ್ಲುವ ಡೆಡ್‌ಲಿಫ್ಟ್‌ನಲ್ಲೂ ಬಂತು. ರಾಡು ಅಷ್ಟು ಕೆಳಗಿದ್ದರೆ ಅದನ್ನು ಹಿಡಿಯಲು ಬೆನ್ನು ಬಗ್ಗಿ ಬಿಲ್ಲಾಗುತ್ತಿತ್ತು. ಹಳೆಯ ಸೊಂಟ ನೋವು ಎರಡೇ ದಿನದಲ್ಲಿ ಮುಖ ತೋರಿಸಿತು. ಆಗ ನೆನಪಾಯಿತು ಮಾರ್ಚ್‌ನಲ್ಲಿ ಕತ್ತರಿಸಿಟ್ಟ ಪಟ್ಟಿ. 12 ಇಂಚಿಗೆ 48 ಇಂಚು. ಅದನ್ನು 12ಕ್ಕೆ 6ರಂತೆ ಎಂಟು ತುಂಡು ಮಾಡಿ, ಪ್ರತಿ ಬದಿಗೆ ನಾಲ್ಕು ಪೇರಿಸಿದೆ. ನಾಲ್ಕು ಹದಿನೆಂಟು 72 ಮಿ.ಮೀ. ರಾಡು 21.2 ಸೆಂ.ಮೀ.ಗೆ ಏರಿತು. ಬೆನ್ನು ನೆಟ್ಟಗಾಯಿತು, ನೋವು ಮರಳಲಿಲ್ಲ.

ಆಯುಧಪೂಜೆಯ ದಿನ ಅಪ್ಪ ಸ್ಟ್ಯಾಂಡಿಗೂ ರಾಡಿಗೂ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಸಿಕ್ಕಿಸಿ, ನನ್ನ ಕೈಯಲ್ಲೇ ಮಂಗಳಾರತಿ ಎತ್ತಿಸಿದರು. ಗರಡಿಯಲ್ಲಿ ಗದೆಗೆ ಹಾಗೆ ಮಾಡುತ್ತಿದ್ದರಂತೆ. ಕುಂಕುಮದ ಕಲೆ ಹಿಡಿಕೆಯ ಗೀರುಗಳಲ್ಲಿ ಇನ್ನೂ ಇದೆ, ನಾನು ಒರೆಸಿಲ್ಲ.

ಹಂತ 8. ನವೆಂಬರ್. ವಾಷರ್

ಹೆಗಲಿನ ಪ್ರೆಸ್ ಮಾತ್ರ ಇನ್ನೂ ಕಗ್ಗಂಟಾಗಿಯೇ ಇತ್ತು. ಕಾಲಿಗೆ 37ರ ಮೇಲೆ 2.4 ಕೆ.ಜಿ. ಸೇರಿಸಿದರೆ ಗೊತ್ತಾಗುವುದಿಲ್ಲ. ಹೆಗಲಿಗೆ 17ರ ಮೇಲೆ ಅಷ್ಟೇ ಸೇರಿಸಿದರೆ ಗೋಡೆಗೆ ಗುದ್ದಿದ ಹಾಗೆ. ಎರಡು ಕೆಲಸ ಮಾಡಿದೆ.

ಒಂದು, ಹಾರ್ಡ್‌ವೇರ್ ಅಂಗಡಿಯಿಂದ 28 ಮಿ.ಮೀ. ತೂತಿನ ದೊಡ್ಡ ವಾಷರ್ 24 ತಂದೆ, ತಲಾ 14 ರೂ., ಒಟ್ಟು 336. ಒಂದೊಂದೂ 42 ಗ್ರಾಂ. ಆರಾರು ಸೇರಿಸಿ ಇನ್ಸುಲೇಷನ್ ಟೇಪ್ ಸುತ್ತಿದರೆ 250 ಗ್ರಾಮಿನ ನಾಲ್ಕು ಪುಟ್ಟ ಪ್ಲೇಟು. ಆಚೀಚೆ ಒಂದೊಂದು ಹಾಕಿದರೆ ಅರ್ಧ ಕೆ.ಜಿ.

ಇನ್ನೊಂದು, ಎರಡು ಡಂಬೆಲ್ ಹಿಡಿಯುವುದನ್ನೇ ಬಿಟ್ಟೆ. ಒಂದೇ ಡಂಬೆಲ್, ಬಲಗೈ ಆದ ಮೇಲೆ ಎಡಗೈ. ಇರುವ ಚಿಕ್ಕ ಪ್ಲೇಟೆಲ್ಲ ಆ ಒಂದಕ್ಕೇ ಸಿಗುತ್ತದೆ. 6.2, 6.7, 7.2, 8.6, 9.1, 9.6, 11. ಜನವರಿಯಲ್ಲಿ ಇಲ್ಲದಿದ್ದ ಮೆಟ್ಟಿಲುಗಳು ಇವು. ಹತ್ತು ತಿಂಗಳು ನಾನು ರಾಡಿನ ಉದ್ದ ನೋಡುತ್ತಿದ್ದೆ, ನೋಡಬೇಕಾಗಿದ್ದದ್ದು ಅತಿ ಚಿಕ್ಕ ಪ್ಲೇಟನ್ನು. ಈಗ ಸ್ಕ್ವಾಟ್, ಡೆಡ್‌ಲಿಫ್ಟ್ ಎರಡಕ್ಕೂ ಬಾರ್ಬೆಲ್. ಎದೆ, ಹೆಗಲು, ರೋಗೆ ಡಂಬೆಲ್. ರಾಡು ಮೂರು, ಪ್ಲೇಟು ಒಂದೇ ಸೆಟ್ಟು. 25 ಮಿ.ಮೀ. ಬಿಟ್ಟು ಬೇರೆ ಏನೂ ಮನೆಗೆ ಬರಬಾರದು ಅಂತ ಹಟ ಹಿಡಿದದ್ದು ಉಪಯೋಗಕ್ಕೆ ಬಂತು.

ಖರ್ಚು: ಪಿವಿಸಿ ಸೆಟ್ 1,350. ಫೋಮ್ 900. ಟೈಲ್ಸ್ 1,800. ಹಸುವಿನ ಮ್ಯಾಟು 4,600. ಪ್ಲೇಟು 4,400. ಪೇಂಟು 420. ಡಂಬೆಲ್ ರಾಡು 900. ಬಾರ್ಬೆಲ್ ರಾಡು, ವಾಪಸ್ ಕಳೆದು 1,850. ಸ್ಟ್ಯಾಂಡು 4,050. ತಿದ್ದಿಸಿದ್ದು 900. ಚಾಚು 750. ವಾಷರ್ 336.

ಡಿಸೆಂಬರ್ 1

ಚಾಚಿನ ಬೋಲ್ಟು ಒಂದು ಸಡಿಲವಿತ್ತು, ಸ್ಪ್ರಿಂಗ್ ವಾಷರ್ ಹಾಕಿ ಬಿಗಿದೆ. ಆಮೇಲೆ ಮನೆಯಲ್ಲಿದ್ದ ಕಬ್ಬಿಣವನ್ನೆಲ್ಲ ರಾಡಿಗೆ ಏರಿಸಿದೆ. ಎಡಕ್ಕೆ 26, ಬಲಕ್ಕೆ 25.8, ರಾಡು ಸೇರಿ 59.4 ಕೆ.ಜಿ. ನನ್ನ ಮೈತೂಕಕ್ಕಿಂತ ಒಂದೂ ಚಿಲ್ಲರೆ ಹೆಚ್ಚು. ಅಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಎಣಿಸಿದರು. ಮೂರು ಸಲ ಎದ್ದಿತು. ಪ್ರತಿ ಸಲವೂ ಸದ್ದಾಗದಂತೆ ಇಳಿಸಿದೆ, ಕೆಳಗಿನ ಮನೆಯವರು ಮಧ್ಯಾಹ್ನದ ನಿದ್ದೆಯಲ್ಲಿದ್ದರು. ನಾಳೆ ಮತ್ತೆ ಗುಜರಿ ಅಂಗಡಿಗೆ ಹೋಗಬೇಕು. ಐದರದ್ದು ಎರಡು, 1.25ರದ್ದು ಎಷ್ಟಿದ್ದರೆ ಅಷ್ಟು.